ಸೆಲ್ಫ್ ಹೋದ ಕಾರಿನಲ್ಲಿ ಕನ್ಯೆ ನೋಡಲು

ಬಾಡಿಗೆ ಕಾರು ಓಡಿಸುವವನು ನಗೆಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟು ಕಂಡರೆ ಸಾಕು. ಎಂಬತ್ತರ ದಶಕದಲ್ಲಿ ಗದಗ ಸ್ಟೇಷನ್ ಮುಂದೆ ನನ್ನದೊಂದು ಮುದಿ ಕಾರು ನಿಂತಿರುತ್ತಿತ್ತು. ಅದು ನನಗೆ ಅನ್ನ ಹಾಕಿದ್ದಕ್ಕಿಂತ ನಗಿಸಿದ್ದೇ ಹೆಚ್ಚು.

೧. ಇಳಿಜಾರಿನ ಕರಾರು

ತುಳಸಿ ಲಗ್ನ ಮುಗಿದ ಮೇಲಿನ ದಿನಗಳು. ಬೆಟಗೇರಿಯ ಸೀರೆ ವ್ಯಾಪಾರಿಯೊಬ್ಬರು ಅಣ್ಣನ ಮಗನಿಗೆ ಕನ್ಯೆ ನೋಡಲು ಮುಂಡರಗಿಗೆ ಹೊರಟರು. ಹುಡುಗ ಅವರನ್ನು ಕಾಕಾ ಎನ್ನುತ್ತಿದ್ದ, ನಾನೂ ಹಾಗೇ ಕರೆದೆ. ಜೊತೆಗೆ ಅವರ ಹೆಂಡತಿ, ಅಂದರೆ ಹುಡುಗನ ಚಿಗವ್ವ. ಹುಡುಗ ಬಂಗಾರದಂಥವನು, ಆದರೆ ಹೊಸಬರ ಮುಂದೆ ಬಾಯಿಗೆ ಬೀಗ. ಈಗಾಗಲೇ ಎರಡು ಕಡೆ ಕನ್ಯೆಯವರು "ಹುಡುಗ ಮೂಕ ಅದಾನೇನ್ರಿ?" ಎಂದು ಕೇಳಿ ಕೈಬಿಟ್ಟಿದ್ದರು. ಇದೂ ತಪ್ಪಿದರೆ ಮುಂದೆ ಯಾರೂ ಮನೆಯೊಳಗೇ ಕರೆಯುವುದಿಲ್ಲ ಎಂದು ಚಿಗವ್ವನಿಗೆ ನಿದ್ದೆ ಇರಲಿಲ್ಲ.

ಕಾಕಾ ಉಪಾಯ ಹುಡುಕಿದ್ದರು. "ಸೀದಾ ಮುಂಡರಗಿಗೆ ಹೋಗೂದು ಬ್ಯಾಡ. ಮಾಗಡಿ ಕೆರಿ, ಕಪ್ಪತಗುಡ್ಡ ತೋರಿಸ್ಕೋಂತ ಹೋಗೋಣು. ಚಂದಂದು ನೋಡಿದ್ರ ಮನಸು ಅರಳಿ ಬಾಯಿ ತಾನಽ ಬಿಚ್ಚತೈತಿ."

ನಾನು ಮೊದಲೇ ಹೇಳಿದೆ: "ಗಾಡೀದು ಸೆಲ್ಫ್ ಹೋಗೇತ್ರಿ ಕಾಕಾ, ಕೀಲಿ ತಿರುವಿದ್ರ ಚಾಲೂ ಆಗೂದಿಲ್ಲ. ಇಳಿಜಾರಿನ್ಯಾಗ ನಿಂದರ್ಸಿದ್ರ ತಾನಽ ಉರುಳಿ ಚಾಲೂ ಆಕ್ಕೈತಿ. ಸಪಾಟ ಜಾಗಾದಾಗ ನಿಂತ್ರ ನೀವಽ ಇಳದು ದಬ್ಬಬೇಕು."

ಊರಿನ ಉಳಿದ ಕಾರುಗಳೆಲ್ಲ ಲಗ್ನಕ್ಕೆ ಹೋಗಿದ್ದವು. ಕಾಕಾ ಹುಡುಗನ ಕಡೆ ತಿರುಗಿ, "ನಡಿತೈತೇನಲೇ?" ಎಂದರು. ಅವನು ತಲೆಯಾಡಿಸಿದ.

"ನೋಡ್ರಿ, ಹೊರಡೂಕಿಂತ ಮೊದಲಽ ಎಷ್ಟ್ ಮಾತಾಡಾಕತ್ತಾನ!" ಎಂದರು ಚಿಗವ್ವ.

೨. ಕೆರೆಯ ದಂಡೆಯಲ್ಲಿ

ಸೊರಟೂರ ದಾಟಿ ಮಾಗಡಿ ಕೆರೆಗೆ ಬಂದೆವು. ನೀರಿನ ತುಂಬ ಪರದೇಶದ ಬಾತುಗಳು. ಕಾಕಾ "ನಿಂದರ್ಸು, ನಿಂದರ್ಸು" ಎಂದರು.

"ಇಲ್ಲೆ ಸಪಾಟ ಐತ್ರಿ."

"ಇಳಿಜಾರಿನ್ಯಾಗ ಕೆರಿ ಇರ್ತಾವೇನೋ ಹುಚ್ಚಾ? ನಿಂದರ್ಸು!"

ನೋಡುವುದೆಲ್ಲ ನೋಡಿದ ಮೇಲೆ ಹುಡುಗ ಹೊಸ ಕೋಟು ಬಿಚ್ಚಿ ಚಿಗವ್ವನ ಕೈಗೆ ಕೊಟ್ಟು ದಬ್ಬಲು ನಿಂತ. ಬಾಯಿ ಬರದಿದ್ದರೂ ರಟ್ಟೆ ಗಟ್ಟಿ ಇತ್ತು. ಎಂಜಿನ್ ಹೊತ್ತಿಕೊಂಡು ಸೈಲೆನ್ಸರ್ 'ಢಂ' ಎಂದಿತು. ಕೆರೆಯ ಹಕ್ಕಿಗಳಷ್ಟೂ ಒಮ್ಮೆಲೇ ಮೇಲೆದ್ದವು. ಪಕ್ಕದ ಹೊಲದಿಂದ ರೈತನೊಬ್ಬ ಓಡಿ ಬಂದ. ಬೈಸಿಕೊಳ್ಳುವುದು ಖಂಡಿತ ಎಂದು ಕಾಕಾ ಮೆಲ್ಲಗೆ ಒಳಗೆ ಕುಳಿತು ಕಿಟಕಿ ಏರಿಸಿದರು.

ರೈತ ಕೈ ಮುಗಿದ. "ವಾರದಿಂದ ನನ್ನ ಕಡ್ಲಿ ಹೊಲಾ ಮೇಯಾಕತ್ತಿದ್ವು ನೋಡ್ರಿ. ನಾಳೆ ಎಷ್ಟೊತ್ತಿಗೆ ಬರ್ತೀರಿ?"

೩. ಗುಡ್ಡದ ಮೇಲೆ

ಲಕ್ಷ್ಮೇಶ್ವರದಲ್ಲಿ ಚಹಾ, ಶಿರಹಟ್ಟಿಯಲ್ಲಿ ಮಿರ್ಚಿ. ಎರಡೂ ಕಡೆ ದಬ್ಬಿದ್ದಾಯಿತು. ಹುಡುಗ ಈಗ ಯಾರೂ ಹೇಳುವ ಮೊದಲೇ ಕೋಟು ಬಿಚ್ಚುತ್ತಿದ್ದ. ಮಾತು ಮಾತ್ರ ಇಲ್ಲ.

ಕಪ್ಪತಗುಡ್ಡದಲ್ಲಿ ನನಗೆ ಮನಸ್ಸಿಗೆ ಬಂದ ಇಳಿಜಾರು ಸಿಕ್ಕಿತು. ಹ್ಯಾಂಡ್ ಬ್ರೇಕಿನ ಮೇಲೆ ನನಗೆ ನಂಬಿಕೆ ಇರಲಿಲ್ಲ, ಗಾಲಿಗೆ ಕಲ್ಲು ಕೊಟ್ಟೆ. ಚಿಗವ್ವ ರೊಟ್ಟಿ ಗಂಟು ಬಿಚ್ಚಿದರು. ಕಾಕಾ ಕಾರಿನಲ್ಲೇ ಕುಳಿತು ಗುಡ್ಡ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ದನಿ ಕೇಳಿತು: "ಅಬ್ಬಬ್ಬಾ, ಗುಡ್ಡ ಹಿಂದಕ್ಕ ಹೊಂಟಂಗ ಕಾಣತೈತಿ!"

ಗುಡ್ಡ ಎಲ್ಲಿಗೂ ಹೋಗಿರಲಿಲ್ಲ, ಹೊರಟದ್ದು ಕಾಕಾ. ಹುಡುಗ ಬಾಯಿ ತೆರೆದ, ದನಿ ಬರಲಿಲ್ಲ, ಎರಡೂ ಕೈ ಬೀಸಿದ. ನಾನು ಓಡಿ ಬಾಗಿಲು ಹಿಡಿದು ಒಳಗೆ ಜಿಗಿದು ಗೇರ್ ಹಾಕಿದೆ. ಕಾರು ಗುರ್ ಎಂದು ಚಾಲೂ ಆಯಿತು. ಹಿಂದಕ್ಕೆ ತಂದು ನೋಡಿದರೆ ಚಿಗವ್ವ ನನ್ನ ಕಲ್ಲಿನಿಂದ ಉಳ್ಳಾಗಡ್ಡಿ ಜಜ್ಜುತ್ತಿದ್ದಾರೆ.

"ಅಷ್ಟ್ ಮಂದಿ ಉಸುರು ಬಿಟ್ಟು ದಬ್ಬತಿದ್ರಿ. ನಾನು ಬರೇ ಒಂದು ಕಲ್ಲು ತಗದೆ, ಚಾಲೂ ಆತಿಲ್ಲ?" ಎಂದರು.

೪. ಮುಂಡರಗಿಯ ಓಣಿ

ಕನ್ಯೆಯ ಮನೆ ಮುಂದಿನ ಓಣಿ ಅಂಗೈಯಷ್ಟು ಸಪಾಟ. ಕನ್ಯೆ ನೋಡಲು ಬಂದವರು ಕಾರು ದಬ್ಬಿದರೆ ಮರ್ಯಾದೆ ಏನು ಉಳಿದೀತು? ಎಂಜಿನ್ ಆರಿಸದೆ ಬಿಟ್ಟು ಕಟ್ಟೆಯ ಮೇಲೆ ಕುಳಿತೆ. ಒಳಗಿನದೆಲ್ಲ ಕಾಣುತ್ತಿತ್ತು.

ಹುಡುಗಿಯ ತಂದೆ ಹುಡುಗನ ಹೆಸರು ಕೇಳಿದರು, ಕಾಕಾ ಹೇಳಿದರು. ಓದು ಕೇಳಿದರು, ಚಿಗವ್ವ ಹೇಳಿದರು. ಕಪ್ಪತಗುಡ್ಡ ನೋಡಿಕೊಂಡು ಬಂದದ್ದನ್ನೂ ಕಾಕಾ ಹೇಳಿದರು. ಕೊನೆಗೆ ಹುಡುಗಿಯೇ ಹುಡುಗನಿಗೆ, "ಗುಡ್ಡ ಹೆಂಗಿತ್ರಿ?" ಎಂದಳು. ಹುಡುಗ ಚಹಾದ ಕಪ್ಪಿನೊಳಗೆ ಗುಡ್ಡ ಹುಡುಕಿದ. ತಂದೆ ಎದ್ದು, "ವಿಚಾರ ಮಾಡಿ ತಿಳಿಸ್ತೇವ್ರಿ," ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತು. ಚಿಗವ್ವನ ಕಣ್ಣು ತುಂಬಿತು. ನನಗೂ ಕೆಡುಕೆನಿಸಿತು. ಮುಖ ತೊಳೆದು ಬರೋಣವೆಂದು ಹಿತ್ತಲಿಗೆ ಹೋದೆ.

ಬರುವಷ್ಟರಲ್ಲಿ ಓಣಿ ಗಪ್‌ಚಿಪ್. ಎಲ್ಲರಿಗಿಂತ ಮೊದಲು ಹೊರಗೆ ಬಂದಿದ್ದ ಹುಡುಗಿಯ ತಂದೆ ದೊಡ್ಡ ಉಪಕಾರ ಮಾಡಿದವರಂತೆ, "ಸುಮ್ಮನ ಪೆಟ್ರೋಲ್ ಸುಡಾಕತ್ತಿತ್ತು, ನಾನಽ ಆರಿಸೇನಿ," ಎಂದರು.

ಕಾಕಾ ತಲೆ ಹಿಡಿದುಕೊಂಡರು. ಹುಡುಗ ಮಾತ್ರ ಕೋಟು ಬಿಚ್ಚಿ, ತೋಳೇರಿಸಿ, ಓಣಿಯೆಲ್ಲ ಕೇಳುವಂತೆ ಕೂಗಿದ: "ಕಾಕಾ, ನೀವು ಎಡಕ್ಕ! ಚಿಗವ್ವಾ, ಯಾವ ಕಲ್ಲೂ ಮುಟ್ಟಬ್ಯಾಡ! ಮಾವಾರ, ನೋಡ್ಕೋಂತ ಏನ್ ನಿಂತೀರಿ? ಆರಿಸಿದವ್ರು ನೀವಽ, ಬಂದು ಹಿಂದ ಕೈ ಹಚ್ರಿ!"

'ಮಾವಾರ' ಎಂದದ್ದು ಅವನಿಗೆ ತಿಳಿದದ್ದು ಎಲ್ಲರೂ ತನ್ನನ್ನೇ ನೋಡತೊಡಗಿದಾಗ. ಬಾಗಿಲಲ್ಲಿ ನಿಂತ ಹುಡುಗಿಗೆ ಬಾಯಿಗೆ ಸೆರಗು ತುರುಕಿಕೊಂಡರೂ ನಗು ತಡೆಯಲಾಗಲಿಲ್ಲ. ತಂದೆ ಮಗಳ ಮುಖ ನೋಡಿದರು, ಇವನ ಮುಖ ನೋಡಿದರು. ಆಮೇಲೆ ಧೋತರ ಎತ್ತಿ ಕಟ್ಟಿ, ಡಿಕ್ಕಿಗೆ ಎರಡೂ ಕೈ ಕೊಟ್ಟು ನಿಂತರು.

"ಹಚ್ಚೇನ್ರಿ ಅಳಿಯಂದ್ರ. ಯಾವಾಗ ದಬ್ಬೂದು, ಹೇಳ್ರಿ."