ಎಲಿಹಿಯೊ ತಿದ್ದಿದ ಧಾರಾವಾಹಿ

ಹವಾನಾದಿಂದ ಬರುತ್ತಿದ್ದ ಹೊಸ ಧಾರಾವಾಹಿಯನ್ನು ನಿನ್ನೆ ರಾತ್ರಿ ಹತ್ತು ನಿಮಿಷ ನೋಡಿ ಟಿ.ವಿ. ಆರಿಸಿದ್ದೇ ಎಲಿಹಿಯೊ ಮಾಡಿದ ತಪ್ಪು. ಹೇಗೆ ನೋಡ್ತಾನೆ, ನೀವೇ ಹೇಳಿ. ನಾಯಕಿ ಗ್ರಿಸೆಲ್ ನಲವತ್ತು ಕಂತಿನಿಂದ ಅದೇ ಕಿಟಕಿಯ ಹತ್ತಿರ ನಿಂತು ಅಳುತ್ತಿದ್ದಾಳೆ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅವಳ ಮದುಮಗ ಡಾಕ್ಟರ್ ದಾರಿಯೊಗೆ ಮದುವೆಯಾದರೂ ಸಾವಾದರೂ ಹಲ್ಲುನೋವು ಬಂದವನ ಮುಖ. "ಇದನ್ನ ನಟನೆ ಅಂತಾರಾ" ಎಂದು ಗೊಣಗಿ ಮಲಗಿಬಿಟ್ಟ.

ಪಿನಾರ್ ದೆಲ್ ರಿಯೊ ಊರಿನ ಚುಟ್ಟಾ ಕಾರ್ಖಾನೆಯಲ್ಲಿ ಅವನದು ಓದುವ ಕೆಲಸ. ಇನ್ನೂರು ಜನ ಹೊಗೆಸೊಪ್ಪು ಸುತ್ತುತ್ತಿದ್ದರೆ ಅವನು ಕಟ್ಟೆಯ ಮೇಲೆ ಕೂತು ಪತ್ರಿಕೆ, ಕಾದಂಬರಿ ಓದಬೇಕು. ಹಿಡಿಸಿದರೆ ಅವರು ಎಲೆ ಕತ್ತರಿಸುವ ಬ್ಲೇಡನ್ನು ಮೇಜಿಗೆ ಟಕಟಕ ಬಡೀತಾರೆ. ಹಿಡಿಸದಿದ್ದರೆ ನೆಲಕ್ಕೆ ಎಸೀತಾರೆ. ಮೂರು ತಿಂಗಳ ಪರೀಕ್ಷೆ ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ನಾಲ್ಕಕ್ಕೆ ಎಲ್ಲರೂ ಕೈ ಎತ್ತಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಕಾಯಂ ಆದ ದಿನ ಅವರಿಗೆ ಓದಬೇಕೆಂದು ಜೀವದಂತೆ ಕಾಪಾಡಿಕೊಂಡಿದ್ದ ಆರುನೂರು ಪುಟದ ಕಾದಂಬರಿ ಚೀಲದಲ್ಲಿತ್ತು.

"ಪತ್ರಿಕೆ ಆಮೇಲೆ, ಮಗನೇ" ಎಂದಳು ಮುಂದಿನ ಸಾಲಿನ ಒದಾಲಿಸ್. ಅವಳ ಕೈ ಎದ್ದರೆ ನೂರು ಕೈ ಏಳುತ್ತವೆ. "ರಾತ್ರಿ ಊರಿಗೆಲ್ಲ ಕರೆಂಟಿರ್ಲಿಲ್ಲ. ನಿಂದು ಆಸ್ಪತ್ರೆ ಬೀದಿ, ಅಲ್ಲಿ ಹೋಗೋದೇ ಇಲ್ಲ. ಗ್ರಿಸೆಲ್ ಮದುವೆ ಏನಾಯ್ತು ಹೇಳು."

"ನಾನು ನೋಡ್ಲಿಲ್ಲ, ಒದಾಲಿಸಕ್ಕ."

"ಕರೆಂಟಿದ್ದೂ?"

ಹಿಂದೆಲ್ಲೋ ಒಂದು ಬ್ಲೇಡು ಠಣ್ಣೆಂದು ಬಿತ್ತು. "ಓದ್ಕೊಂಡಿರೋ ದೊರೆ ಅಲ್ವಾ, ನಮ್ಮ ಧಾರಾವಾಹಿ ಯಾಕೆ ನೋಡ್ತಾರೆ" ಎಂದ ಹಿಂದಿನ ಸಾಲಿನ ರಿಗೊಬೆರ್ತೊ. ಇನ್ನೊಂದು ಬ್ಲೇಡು ಬಿತ್ತು. ಎಲಿಹಿಯೊಗೆ ಕಣ್ಣೆದುರು ನಾಲ್ಕು ಗಂಟೆ ಕಂಡಿತು.

"ಕೊನೇ ಹಾಡು ನೋಡ್ಲಿಲ್ಲ ಅಂದೆ ಅಷ್ಟೆ" ಎಂದು ಶುರುಹಚ್ಚಿಕೊಂಡ. ಮದುವೆಯ ಬೆಳಿಗ್ಗೆ ಗ್ರಿಸೆಲ್ ಅಕ್ಕಿ ಡಬ್ಬಕ್ಕೆ ಕೈ ಹಾಕುತ್ತಾಳೆ, ಅಜ್ಜಿ ಬಚ್ಚಿಟ್ಟ ಏಳು ವರ್ಷದ ಪ್ರೇಮಪತ್ರಗಳು ಸಿಗುತ್ತವೆ, ಒಂದೂ ಡಾಕ್ಟರು ಬರೆದದ್ದಲ್ಲ. ಮದುವೆಬಟ್ಟೆಯಲ್ಲೇ ಬ್ರೆಡ್ಡಿನ ಲಾರಿ ಹತ್ತಿ, ಪತ್ರ ಬರೆದವನ ಊರಿಗೆ ಹೊರಟೇಬಿಡುತ್ತಾಳೆ. ಅಜ್ಜಿಯ ದನಿ, ಲಾರಿಯ ದನಿ ಎಲ್ಲ ಅವನದೇ. ಬ್ಲೇಡುಗಳು ಆಲಿಕಲ್ಲು ಬಿದ್ದ ಹಾಗೆ ಬಡಿದವು. ರಿಗೊಬೆರ್ತೊ ಮೂಗು ಒರೆಸಿಕೊಂಡ. ಎಲಿಹಿಯೊ ಖುಷಿಯಲ್ಲಿ ತೇಲಾಡಿದ.

ಕರೆಂಟ್ ಬಂದರೆ ಮಧ್ಯಾಹ್ನ ಕ್ಯಾಂಟೀನಿನ ಟಿ.ವಿ.ಯಲ್ಲಿ ಅದೇ ಕಂತು ಮತ್ತೆ ಬರುತ್ತದೆಂಬುದು ಅವನಿಗೆ ಮರೆತೇಹೋಗಿತ್ತು.

ಅನ್ನದ ತಟ್ಟೆ ಹಿಡಿದು ಬಾಗಿಲ ಹತ್ತಿರದ ಬೆಂಚಿಗೆ ಸರಿದ. ಇನ್ನೂರು ಜನ ಬಾಯಿಬಿಟ್ಟುಕೊಂಡು ನೋಡಿದರು. ಗ್ರಿಸೆಲ್ ನಲವತ್ತು ನಿಮಿಷ ಕಿಟಕಿಯ ಹತ್ತಿರ ಅತ್ತಳು. ಡಾಕ್ಟರ್ "ನಾನು ಯೋಚಿಸಬೇಕು" ಎಂದ. ಕಂತು ಮುಗಿಯಿತು.

ಒದಾಲಿಸ್ ನಿಧಾನವಾಗಿ ತಿರುಗಿದಳು. "ಅಕ್ಕಿ ಡಬ್ಬ ಎಲ್ಲಿ? ಲಾರಿ ಎಲ್ಲಿ?"

"ಸುಳ್ಳು ಹೇಳ್ದೆ ಅಕ್ಕ. ಹತ್ತು ನಿಮಿಷಕ್ಕೇ ಆರಿಸಿಬಿಟ್ಟಿದ್ದೆ."

ಎಲ್ಲರೂ ತಟ್ಟೆ ತೊಳೆದಿಟ್ಟು ತಂತಮ್ಮ ಮೇಜಿಗೆ ಹೋದರು. ನಾಲ್ಕು ಗಂಟೆವರೆಗೂ ಅವನು ಪತ್ರಿಕೆ ಓದಿದ, ಒಂದು ಬ್ಲೇಡೂ ಬಡಿಯಲಿಲ್ಲ, ಒಂದೂ ಬೀಳಲಿಲ್ಲ.

ನಾಲ್ಕಕ್ಕೆ ಮೊದಲು ಎದ್ದದ್ದು ಒದಾಲಿಸಳ ಕೈ, ಆಮೇಲೆ ಇನ್ನೂರೂ, ರಿಗೊಬೆರ್ತೊನದೂ ಸೇರಿ. ಎಲಿಹಿಯೊಗೆ ಕಣ್ಣು ತುಂಬಿ ಬಂತು. ಚೀಲಕ್ಕೆ ಕೈಹಾಕಿ ಕಾದಂಬರಿ ತೆಗೆದ.

"ಅದನ್ನ ಒಳಗಿಡು" ಎಂದಳು ಒದಾಲಿಸ್. "ನಾಳೆಯಿಂದ ದಿನಾ ಧಾರಾವಾಹಿ ನೋಡ್ಕೊಂಡು ಬಾ, ಇವತ್ತಿನ ಹಾಗೆ ತಿದ್ದಿ ಹೇಳು."

"ಇನ್ನೂ ನೂರಿಪ್ಪತ್ತು ಕಂತಿದೆ, ಅಕ್ಕ."

"ಇರ್ಲಿ. ತಿದ್ದಬೇಕಾದ್ರೆ ಪೂರ್ತಿ ನೋಡ್ಲೇಬೇಕಲ್ಲ. ನಾವಂತೂ ಇನ್ಮೇಲೆ ಬೇಗ ಮಲಗ್ತೀವಿ."

ಈಗ ಊರಲ್ಲೆಲ್ಲ ಆ ಧಾರಾವಾಹಿ ನೋಡುವವನು ಎಲಿಹಿಯೊ ಒಬ್ಬನೇ. ಗ್ರಿಸೆಲ್ ಕಿಟಕಿಗೆ ಬಂದಾಗಲೆಲ್ಲ, ಕರೆಂಟ್ ಹೋಗಲಪ್ಪಾ ದೇವರೇ, ಎಂದು ಬೇಡಿಕೊಳ್ಳುತ್ತಾನೆ. ಆಸ್ಪತ್ರೆ ಬೀದಿ ನೋಡಿ, ಹೋಗುವುದೇ ಇಲ್ಲ.