ಕೆಂಪು ಚೀಟಿ ಬಿಚ್ಚುವ ಅಧಿಕಾರ

ಏಣಿ ಕಂಡರೆ ಅಲ್ಲಾಡಿಸುವುದು, ಕಂಬಿ ಕಂಡರೆ ಜಗ್ಗುವುದು, ಅನುಮಾನ ಬಂದರೆ ಕೆಂಪು ಚೀಟಿ ಕಟ್ಟುವುದು: ಇದು ನನ್ನ ಹೊಟ್ಟೆಪಾಡು. ಕಟ್ಟಡ ಸುರಕ್ಷತಾ ಮಂಡಳಿಯ ತಪಾಸಣಾಧಿಕಾರಿ ನಾನು. ಚೀಟಿಯ ಮೇಲೆ ‘ಅಪಾಯ, ಬಳಸಬೇಡಿ’ ಎಂದಿರುತ್ತದೆ. ಅದನ್ನು ಕಟ್ಟಿದವರೇ ಬಿಚ್ಚಬೇಕು. ಖುದ್ದು ಮಂತ್ರಿಗಳು ಬಂದರೂ ಮುಟ್ಟುವಂತಿಲ್ಲ. ಈ ನಿಯಮವನ್ನು ಕೂಲಿಯವರಿಂದ ಎಂಜಿನಿಯರುಗಳವರೆಗೆ ಎಲ್ಲರಿಗೂ ಗಿಣಿಪಾಠ ಮಾಡಿಸಿದವನು ನಾನೇ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಆಗ ನೆನಪಾಗಲಿಲ್ಲ ನೋಡಿ.

ಒಂದು ರಜೆಯ ದಿನ ಅಡುಗೆಮನೆಗೆ ಕಾಲಿಟ್ಟೆ. ನನ್ನಾಕೆ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಅಟ್ಟದಿಂದ ಸಕ್ಕರೆ ಡಬ್ಬಿ ಇಳಿಸುತ್ತಿದ್ದಳು. (ಸಕ್ಕರೆ ಅಷ್ಟೆತ್ತರ ಏರಿದ್ದು ನನ್ನ ಬಾಯಿಚಪಲಕ್ಕೆ ಹೆದರಿ. ಅಳತೆ ಸಾಲದ ಬಟ್ಟೆಯಲ್ಲಿ ದೇವರು ಹೊಲಿದ ಜೋಡಿ ನಾವು. ಸ್ಟೂಲಿಲ್ಲದೆ ಇಬ್ಬರಿಗೂ ಅದು ಎಟುಕದು.) ಸ್ಟೂಲಿನ ಒಂದು ಕಾಲು ನೆಲಕ್ಕೂ ತನಗೂ ಮಾತುಕತೆ ಇಲ್ಲವೆಂಬಂತೆ ಗಾಳಿಯಲ್ಲಿತ್ತು.

“ಇಳಿಯೇ, ಬೀಳ್ತೀಯ.”

“ಬೀಳೋದು ನಿಮ್ಮನ್ನ ಕಟ್ಕೊಂಡ ದಿನವೇ ಮುಗೀತು. ಇದು ನಮ್ಮಪ್ಪ ಮಾಡಿದ್ದು ಕಣ್ರೀ. ನಿಮ್ಮ ಮಂಡಳಿಗಿಂತ ಗಟ್ಟಿ.”

ಬಡಗಿಯಾಗಿದ್ದ ಮಾವನವರು, ಮಗಳಿಗೆ ಒಲೆ ಎಟುಕಲೆಂದು ಉಳಿದ ಮರದಲ್ಲಿ ಮಾಡಿಕೊಟ್ಟ ಸ್ಟೂಲು ಅದು. ಈಗ ಅವರಿಲ್ಲ, ಅದಿದೆ. ಎಲ್ಲ ಗೊತ್ತು ನನಗೆ. ಆದರೆ ಇಷ್ಟೇ ಎತ್ತರದಿಂದ ಬಿದ್ದು ಮತ್ತೆ ಏಳದವರನ್ನೂ ನಾನು ಕಂಡಿದ್ದೇನೆ. ಅದನ್ನು ಅವಳಿಗೆ ಹೇಳಬೇಕಿತ್ತು. ಹೇಳದೆ, ಅಧಿಕಾರಿಯ ಗತ್ತಿನಲ್ಲಿ ಚೀಲದಿಂದ ಕೆಂಪು ಚೀಟಿ ತೆಗೆದು, ‘ದೋಷ: ಕಾಲು ಸಡಿಲ, ಮರ ಮುದಿ, ಗುಜರಿಗೆ ಯೋಗ್ಯ’ ಎಂದು ಬರೆದು ಸ್ಟೂಲಿಗೆ ಕಟ್ಟಿದೆ.

ಅವಳು ‘ಗುಜರಿ’ಯ ಮೇಲೆ ಬೆರಳಿಟ್ಟು ಓದಿದಳು. “ಬಿಚ್ತೀರಾ?”

“ಆಗಲ್ಲ. ನಿಯಮ.”

“ನಾನೂ ಬಿಚ್ಚೋ ಹಾಗಿಲ್ಲ?”

“ಕಟ್ಟಿದವರೇ ಬಿಚ್ಚಬೇಕು.”

“ಸರಿ.”

ಆ ‘ಸರಿ’ಯೇ ಕೊನೆ. ಆಮೇಲೆ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಸಕ್ಕರೆ ಮೇಲೆಯೇ ಉಳಿದು, ಚಹಾ ಕಷಾಯದ ಪದವಿಗೇರಿತು. ಬೈದರೆ ಸಹಿಸಬಹುದು; ಬೈಯದ ಹೆಂಡತಿಯ ಜೊತೆ ಬಾಳುವುದು ಹೇಗೆ?

ಹೀಗಿರಲು ಒಂದು ಬೆಳಿಗ್ಗೆ ಅವಳೇ ನನ್ನ ಹೊಳೆಯುವ ಹಳದಿ ಜಾಕೆಟ್ಟನ್ನು ಹಿಡಿದು ತೊಡಿಸಿದಳು. ಸಿಟ್ಟು ಇಳಿಯಿತೆಂದು ಹಿಗ್ಗಿದೆ. ಬಸ್ಸಿನಲ್ಲಿ ಜನ ನನ್ನನ್ನು ನೋಡಿ ನಕ್ಕರು; ನಾನೂ ಹಲ್ಲು ಕಿರಿದೆ. ಕಟ್ಟಡದ ಗೇಟಿನಲ್ಲಿ ಮೇಸ್ತ್ರಿ ಅಡ್ಡ ಬಂದ.

“ಒಳಗೆ ಬಿಡಕ್ಕಾಗಲ್ಲ ಸಾರ್. ಬೆನ್ನ ಮೇಲೆ ಕೆಂಪು ಚೀಟಿ ಇದೆ.”

“ಏನಂತ?”

ಅವನು ಗಂಟಲು ಸರಿಮಾಡಿಕೊಂಡು ಊರಿಗೆಲ್ಲ ಕೇಳುವಂತೆ ಓದಿದ: “‘ದೋಷ: ಕಿವಿ ಮಂದ, ಮನಸ್ಸು ಮರ, ಗುಜರಿಗೆ ಯೋಗ್ಯ. ಕಟ್ಟಿದವರು: ಹೆಂಡತಿ.’”

“ಕಿತ್ತು ಹಾಕಯ್ಯ.”

“ನಾನು ಕಟ್ಟಿದ್ದಲ್ಲವಲ್ಲ ಸಾರ್. ಮಂತ್ರಿ ಬಂದ್ರೂ ಮುಟ್ಟಬಾರದು ಅಂದಿದ್ರಿ.”

ನಾನೇ ಕೈ ತಿರುಗಿಸಿದೆ. ಸ್ವಂತ ಬೆನ್ನು ಸ್ವಂತ ಕೈಗೆ ಎಟುಕದ ಪರದೇಶ. ಜಾಕೆಟ್ಟೇ ಬಿಚ್ಚಲು ಹೊರಟರೆ, “ಜಾಕೆಟ್ ಇಲ್ಲದವರಿಗೆ ಪ್ರವೇಶ ಇಲ್ಲ, ಅದೂ ನಿಮ್ಮದೇ ನಿಯಮ” ಎಂದ. ನನ್ನ ಶಿಷ್ಯೋತ್ತಮ!

ಮರಳುಗುಡ್ಡೆಯ ಮೇಲೆ ಕೂತೆ. ಮೇಸ್ತ್ರಿ ಫೋನು ಮಾಡಿ ಅವಳನ್ನು ಕರೆಸಿದ. ಗೇಟಿನವನು ಕೊಟ್ಟ ಹೆಲ್ಮೆಟ್ಟು ಹುಬ್ಬಿನವರೆಗೆ ಇಳಿದಿದ್ದರೂ ಬಂದಳು, ಸಾಕ್ಷಾತ್ ಮಂಡಳಿಯ ಅಧ್ಯಕ್ಷೆಯ ಠೀವಿಯಲ್ಲಿ.

“ಬಿಚ್ಚೇ.”

“ದೋಷ ಸರಿಹೋಯ್ತಾ?”

ಕೂಲಿಯವರೆಲ್ಲ ಬಾಂಡ್ಲಿ ಇಳಿಸಿ ಕಿವಿಗೊಟ್ಟರು. ಕಾಂಕ್ರೀಟು ತಿರುಗಿಸುವ ಯಂತ್ರವೂ ನಿಂತಿತು. ಇನ್ನೇನು ಮಾನ ಉಳಿದಿದೆ, ನಿಜವನ್ನೇ ಹೇಳಿದೆ.

“ನೀನು ಬಿದ್ರೆ ನಾನೇನು ಮಾಡ್ಲಿ ಅಂತ ಭಯ ಆಯ್ತು ಕಣೇ. ಮಾವನವರು ಮಾಡಿದ್ದಕ್ಕೆ ಗುಜರಿ ಅಂತ ಬರೀಬಾರದಿತ್ತು.”

ಅವಳು ಹೆಲ್ಮೆಟ್ಟನ್ನು ಕಣ್ಣಿನ ಮೇಲೆ ಇನ್ನಷ್ಟು ಎಳೆದುಕೊಂಡಳು. “ಇದನ್ನ ಅವತ್ತೇ ಬಾಯಲ್ಲಿ ಹೇಳಿದ್ರೆ ಒಂದು ಚೀಟಿನಾದ್ರೂ ಉಳೀತಿತ್ತು” ಎನ್ನುತ್ತ ಗಂಟು ಬಿಚ್ಚಿದಳು.

ಸಂಜೆ ಬಡಗಿಯ ಮಗಳು ಸ್ಟೂಲಿನ ಕಾಲಿಗೆ ಬೆಣೆ ಹೊಡೆದಳು; ಮಂಡಳಿಯ ಅಧಿಕಾರಿ ಮೊಳೆ ಎತ್ತಿಕೊಟ್ಟ. ನನ್ನ ಚೀಟಿಯನ್ನು ನಾನೇ ಬಿಚ್ಚಿ, ಪರೀಕ್ಷೆಗೆಂದು ಮೇಲೆ ಹತ್ತಿದೆ. ಅಲ್ಲಾಡಲಿಲ್ಲ. ಡಬ್ಬಿ ಹಿಡಿದು ಕೆಳಗೆ ನೋಡುತ್ತೇನೆ, ಇವಳು ಕುಕ್ಕರಗಾಲಲ್ಲಿ ಕೂತು ಸ್ಟೂಲಿನ ಕಾಲನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಾಳೆ.

“ಭಾರದ ಕೆಳಗೆ ಯಾರೂ ಇರಬಾರದು ಕಣೇ. ಮೊದಲನೇ ನಿಯಮ.”

“ನೀವು ಬಿದ್ರೆ ನಾನೇನು ಮಾಡ್ಲಿ?”

ನನ್ನ ಎದೆ ಉಬ್ಬಿ, ಬೆನ್ನು ನೆಟ್ಟಗಾಗಿ, ತಲೆ ಸರಕ್ಕನೆ ಮೇಲೆದ್ದಿತು. ಅಟ್ಟದ ಹಲಗೆ ಅಲ್ಲೇ ಅದನ್ನು ತಡೆಯಿತು. ನನ್ನ ಹೆಲ್ಮೆಟ್ಟು ಬಾಗಿಲ ಹಿಂದಿನ ಮೊಳೆಯಲ್ಲಿ ಅತ್ಯಂತ ಸುರಕ್ಷಿತವಾಗಿತ್ತು.

ಬುರುಡೆಗೆ ತಣ್ಣೀರ ಬಟ್ಟೆ ಒತ್ತಿ, ಸಕ್ಕರೆ ಹಾಕಿದ ಚಹಾ ಕುಡಿಸಿದಳು. ಆಮೇಲೆ ತಾನೇ ಸ್ಟೂಲು ಹತ್ತಿ, ಆ ಹಲಗೆಗೊಂದು ಕೆಂಪು ಚೀಟಿ ಕಟ್ಟಿದಳು. ಕಟ್ಟಿದವಳು ಅವಳು, ಬಿಚ್ಚುವ ಅಧಿಕಾರ ನನಗಿಲ್ಲ. ಸಕ್ಕರೆ ಡಬ್ಬಿ ಮತ್ತೆ ಹೋಗಿ ಕೂತಿರುವುದು ಅದರ ಹಿಂದೆ.