ಪರೀಕ್ಷೆಗೆ ಕಾದಿರಿಸಿದ ಹಲ್ಲು

ಬೆಳುವಾಯಿಯ ಟೈಲರ್ ಮುಂಡಪ್ಪ ತನ್ನ ಹಲ್ಲುನೋವಿನ ಸುದ್ದಿಯನ್ನು ಪಕ್ಕದ ಮನೆಯ ಪ್ರಫುಲ್ಲಕ್ಕನ ಕಿವಿಗೆ ಹಾಕಬಾರದಿತ್ತು. ರವಿಕೆಯ ಅಳತೆ ಕೊಡಲು ಬಂದ ಆಕೆ “ಕೆನ್ನೆ ಯಾಕೆ ಬಾತಿದೆ?” ಎಂದು ಕೇಳಿದಳು. ಇವನು ಬಾಯಿ ತೆರೆದು ತೋರಿಸಿದ. ಆಕೆಯ ಮಗಳು ಪ್ರಾಪ್ತಿ ಬಂಟ್ವಾಳದ ದಾರಿಯಲ್ಲಿರುವ ಒಂದು ಡೆಂಟಲ್ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಸಂಜೆಯಾಗುವಷ್ಟರಲ್ಲಿ ಅವಳು ಮೊಬೈಲ್ ಟಾರ್ಚು ಹಿಡಿದು ಹಾಜರಾದಳು.

ಹಲ್ಲಿನ ಡಾಕ್ಟರಾಗುವವರಿಗೆ ಒಂದು ಕಷ್ಟವುಂಟು. ಪ್ರಾಕ್ಟಿಕಲ್ ಪರೀಕ್ಷೆಗೆ ಹಾಲ್ ಟಿಕೆಟ್ ಒಂದಿದ್ದರೆ ಸಾಲದು. ಕೀಳತಕ್ಕ ಹಲ್ಲಿರುವ ಒಬ್ಬ ಮನುಷ್ಯನನ್ನೂ ತಾವೇ ಹುಡುಕಿ ತರಬೇಕು. ಪ್ರಾಪ್ತಿ ಒಂದು ತಿಂಗಳಿಂದ ನೆಂಟರಿಷ್ಟರ ಬಾಯಿಗಳನ್ನೆಲ್ಲ ಇಣುಕಿ ನೋಡಿ ಸೋತಿದ್ದಳು. ಮುಂಡಪ್ಪನ ದವಡೆ ಹಲ್ಲನ್ನು ಕಂಡದ್ದೇ ಅವಳ ಕಣ್ಣು ತುಂಬಿ ಬಂತು.

“ಮಾಮ, ಎಷ್ಟು ಚಂದ ಹಾಳಾಗಿದೆ! ಹದಿನೆಂಟಕ್ಕೆ ಪರೀಕ್ಷೆ. ಅಲ್ಲಿಯವರೆಗೆ ಇದನ್ನು ಯಾರೂ ಮುಟ್ಟಬಾರದು. ನಾನೇ ತೆಗೀತೇನೆ.”

“ಇವತ್ತು ಎಷ್ಟು ತಾರೀಕು ಮಗಾ?”

“ಒಂಬತ್ತು.”

ಹೋದ ವರ್ಷ ಹೆಂಡತಿ ಸ್ವರ್ಣಲತಾ ಆಸ್ಪತ್ರೆಯಲ್ಲಿದ್ದಾಗ ಮುಂಡಪ್ಪನಿಗೆ ಹನ್ನೊಂದು ದಿನ ಊಟ ಕಳಿಸಿದ ಮನೆ ಅದು. ಇಲ್ಲ ಎನ್ನಲು ಅವನಿಗೆ ನಾಲಗೆ ಬರಲಿಲ್ಲ. ಮುಂದಿನ ಒಂಬತ್ತು ದಿನ ಅವನಿಗೆ ನಿದ್ದೆ ಇರಲಿಲ್ಲ, ಅಗಿಯುವುದು ಇರಲಿಲ್ಲ, ಗಂಜಿಯ ತಿಳಿ ಕುಡಿದು ಮೆಷಿನ್ ತುಳಿದ. ನಾಲ್ಕು ರವಿಕೆಗಳ ತೋಳು ಅದಲುಬದಲಾಯಿತು. ಅವನಿಗೆ ಈ ಲೋಕದಲ್ಲಿ ಬೇಕಾದದ್ದು ಇಷ್ಟೇ: ಆ ಹಲ್ಲು ಹೋಗಬೇಕು, ತಾನು ಒಂದು ನಿದ್ದೆ ಮಾಡಬೇಕು.

ಹದಿನೆಂಟರ ಬೆಳಿಗ್ಗೆ ನೋವು ಕಿವಿಯನ್ನು ದಾಟಿ ನೆತ್ತಿಗೆ ಏರಿತ್ತು. ಸ್ವರ್ಣಲತಾ ಮಾತ್ರೆ ಹಿಡಿದು ಬಂದದ್ದೇ ತಡ, ಬೇಲಿಯಾಚೆಯಿಂದ ಪ್ರಫುಲ್ಲಕ್ಕ ಕೂಗಿದಳು.

“ಮಾತ್ರೆ ಕೊಡಬೇಡ ಸ್ವರ್ಣಾ! ನೋವು ಇರಬೇಕಂತೆ. ಎಕ್ಸಾಮಿನರ್ ಬಡಿದು ನೋಡ್ತಾರಂತೆ!”

“ಲವಂಗದ ಎಣ್ಣೆಯಾದರೂ ಹಚ್ಚುತ್ತೇನೆ ಅಕ್ಕ. ಇವರೂ ಮನುಷ್ಯರಲ್ಲವಾ?”

“ಏನೂ ಬೇಡ. ಹೇಗುಂಟೋ ಹಾಗೇ ಇರಲಿ.”

ಪ್ರಾಪ್ತಿ ಹಾಸ್ಟೆಲಿನಲ್ಲಿದ್ದಳು. ಮುಂಡಪ್ಪನನ್ನು ಹತ್ತು ಗಂಟೆಯೊಳಗೆ ಅಲ್ಲಿಗೆ ತಲುಪಿಸುವ ಹೊಣೆ ತಾಯಿಯದ್ದು. ಬಸ್ಸಿನಲ್ಲಿ ಆಕೆ ಅವನನ್ನು ತನ್ನ ಮುಂದಿನ ಸೀಟಿನಲ್ಲಿ ಕೂರಿಸಿ, ಹಿಂದಿನಿಂದ ಅವನ ತಲೆಯ ಮೇಲೆ ಕಣ್ಣಿಟ್ಟು ಕೂತಳು. ಹತ್ತಿದವರಿಗೆಲ್ಲ ಹಲ್ಲಿನ ಚರಿತ್ರೆ ಹೇಳಿಯಾಯಿತು. ಒಬ್ಬರು ಉಪ್ಪುನೀರು ಎಂದರು, ಇನ್ನೊಬ್ಬರು ಪೇರಳೆ ಎಲೆ ಎಂದರು. ಮೂರನೆಯವರು ತಮ್ಮ ಭಾವನವರಿಗೆ ಹೀಗೇ ಶುರುವಾಗಿ ಕೊನೆಗೆ ಏನಾಯಿತೆಂದು ವಿವರವಾಗಿ ಹೇಳತೊಡಗಿದರು. ಭಾವನವರು ಬದುಕಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅಬ್ಬಾಸನಿಗೆ ಸಹಿಸಲಾಗಲಿಲ್ಲ. ಅವನದು ಟೈಲರ್ ಅಂಗಡಿಯ ಎದುರೇ ಹಣ್ಣಿನಂಗಡಿ. ಮೆಲ್ಲಗೆ ಮುಂಡಪ್ಪನ ಕಿವಿಗೆ ಬಾಗಿದ.

“ಮುಂಡಪ್ಪಣ್ಣ, ನಿಮ್ಮ ಅವಸ್ಥೆ ನೋಡ್ಲಿಕ್ಕೆ ಆಗುವುದಿಲ್ಲ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರೇ ನನ್ನ ತಂಗಿಯ ಮಗ ಬಾಸಿತನ ಕ್ಲಿನಿಕ್ ಉಂಟು. ಹಲ್ಲಿನ ಡಾಕ್ಟರ್. ಬಸ್ಸು ಹತ್ತು ನಿಮಿಷ ನಿಲ್ತದೆ, ಅವನಿಗೆ ಎರಡು ನಿಮಿಷದ ಕೆಲಸ ಮಾರಾಯ್ರೇ.”

ಮುಂಡಪ್ಪ ಐವತ್ತಮೂರು ವರ್ಷ ಮರ್ಯಾದೆಯಿಂದ ಬದುಕಿದವನು. ಆದರೆ ಮರ್ಯಾದೆ ಹಲ್ಲಿನಷ್ಟು ನೋಯುತ್ತಿರಲಿಲ್ಲ. ಬಸ್ಸು ನಿಂತ ಕೂಡಲೇ “ಒಮ್ಮೆ ಆಚೆ ಹೋಗಿ ಬರ್ತೇನೆ ಪ್ರಫುಲ್ಲಕ್ಕ” ಎಂದು ಇಳಿದು, ರಸ್ತೆ ದಾಟಿ, ಕ್ಲಿನಿಕ್ಕಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಕುರ್ಚಿ ಅವನನ್ನು ಹಿಂದಕ್ಕೆ ಮಲಗಿಸಿ ಕಾಲನ್ನು ಮೇಲಕ್ಕೆತ್ತಿತು. ಬಾಸಿತ್ ಸಾಧು ಹುಡುಗ. “ಸಣ್ಣ ಇಂಜೆಕ್ಷನ್ ಅಣ್ಣ, ಇರುವೆ ಕಚ್ಚಿದ ಹಾಗೆ” ಎಂದ. ಮುಂಡಪ್ಪನ ಕಣ್ಣಿಗೆ ಆ ಸೂಜಿ ಗೋಣಿ ಹೊಲಿಯುವ ದಬ್ಬಣದಂತೆ ಕಂಡಿತು. ಆದರೂ ಕಣ್ಣು ಮುಚ್ಚಿ ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

“ಡಾಕ್ಟ್ರೇ, ಕೈ ತೆಗೆಯಿರಿ! ಆ ಹಲ್ಲು ನಮ್ಮದು!”

ಪ್ರಫುಲ್ಲಕ್ಕ. ಆಕೆಯ ಹಿಂದೆ ಕಂಡಕ್ಟರ್, ಕಂಡಕ್ಟರನ ಹಿಂದೆ ಬಸ್ಸಿನ ಅರ್ಧ ಜನ.

“ನಿಮ್ಮದಾ? ಇವರ ಬಾಯಲ್ಲಿ ಉಂಟಲ್ಲ?” ಎಂದ ಬಾಸಿತ್ ಗಾಬರಿಯಿಂದ.

“ಮಗಳ ಪರೀಕ್ಷೆಗೆ ಇಟ್ಟದ್ದು. ಹತ್ತು ಗಂಟೆಗೆ ಪರೀಕ್ಷೆ!”

“ಫೈನಲ್ ಇಯರಾ?” ಬಾಸಿತನ ಮುಖವೇ ಬದಲಾಯಿತು. ಸಿರಿಂಜನ್ನು ತಟ್ಟೆಗೆ ಹಾಕಿಬಿಟ್ಟ. “ನನ್ನ ಪರೀಕ್ಷೆಯ ದಿನ ಒಬ್ಬರು ಹೀಗೇ ದಾರಿಯಲ್ಲಿ ತಪ್ಪಿಸಿಕೊಂಡರು ಅಣ್ಣ. ನನಗೆ ಆರು ತಿಂಗಳು ಹೋಯಿತು. ಆ ಪಾಪ ನಾನು ಕಟ್ಟಿಕೊಳ್ಳುವುದಿಲ್ಲ. ಏಳಿ.”

ಅವನೇ ಮುಂಡಪ್ಪನ ರಟ್ಟೆ ಹಿಡಿದು ಬಸ್ಸಿನವರೆಗೆ ತಂದು ಬಿಟ್ಟ. ಬಸ್ಸು ಹೊರಟ ಮೇಲೆ ಪ್ರಫುಲ್ಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಾವು ನಿಮಗೆ ಏನು ಕಡಿಮೆ ಮಾಡಿದ್ದೇವೆ ಮುಂಡಪ್ಪಣ್ಣ? ಒಂದು ಹಲ್ಲು ಕೇಳಿದ್ದು. ಅದೂ ಹಾಳಾದದ್ದು.”

ಮುಂಡಪ್ಪನಿಗೆ ನೆಲ ಬಿರಿಯಬಾರದೇ ಎನಿಸಿತು. ನೋವಿನ ಜೊತೆಗೆ ಈಗ ನಾಚಿಕೆಯೂ ಸೇರಿ, ಉಳಿದ ದಾರಿಯುದ್ದಕ್ಕೂ ಅವನು ಕಿಟಕಿಯ ಸರಳಿಗೆ ಕೆನ್ನೆ ಒತ್ತಿಕೊಂಡು ಕೂತ.

ಕಾಲೇಜಿನ ಕಾರಿಡಾರಿನಲ್ಲಿ ಬಿಳಿ ಕೋಟಿನ ಮಕ್ಕಳು ಒಬ್ಬೊಬ್ಬ ರೋಗಿಯನ್ನು ಹಿಡಿದುಕೊಂಡು ನಿಂತಿದ್ದರು. ಒಬ್ಬಳು ತನ್ನ ಅಜ್ಜಿಗೆ ಟೀ ಕುಡಿಸುತ್ತಿದ್ದಳು. ಇನ್ನೊಬ್ಬ ಹತ್ತಿರ ಬಂದು “ಅಂಕಲ್, ನೀವು ಬುಕ್ ಆಗಿದ್ದೀರಾ?” ಎಂದು ಕೇಳಿದ. ಪ್ರಾಪ್ತಿ ಓಡಿಬಂದು ಮುಂಡಪ್ಪನ ಕೈ ಹಿಡಿದಳು. ಅವಳ ಇನ್ನೊಂದು ಕೈಯಲ್ಲಿ ಹಾಲ್ ಟಿಕೆಟ್ ತಲೆಕೆಳಗಾಗಿತ್ತು. ಪಾಪ ಮಗು, ಎಂದುಕೊಂಡ ಮುಂಡಪ್ಪ. ಇನ್ನು ಸ್ವಲ್ಪ ಹೊತ್ತು, ಅವಳ ಕಷ್ಟವೂ ಮುಗಿಯಿತು, ನನ್ನದೂ.

ಪ್ರಾಪ್ತಿಯ ಸರದಿ ಹತ್ತನೆಯದ್ದು. ಎಕ್ಸಾಮಿನರ್ ಬೆಂಗಳೂರಿನ ಕಡೆಯವರು, ದಪ್ಪ ಮೀಸೆ. ಬೆಳಕಿನ ಕೆಳಗೆ ಮಲಗಿದ್ದ ಮುಂಡಪ್ಪನ ಹಲ್ಲಿಗೆ ಸ್ಟೀಲಿನ ಕಡ್ಡಿಯಿಂದ ಟಕ್ ಎಂದು ಬಡಿದರು.

“ನೋವಿದ್ಯೇನ್ರೀ?”

ಆಶ್ಚರ್ಯವೆಂದರೆ, ಇರಲಿಲ್ಲ. ಆ ಮೀಸೆ, ಆ ಬೆಳಕು, ತಟ್ಟೆಯಲ್ಲಿ ಸಾಲಾಗಿ ಇಟ್ಟ ಇಕ್ಕಳಗಳನ್ನು ಕಂಡು ಒಂಬತ್ತು ದಿನದ ನೋವು ಹೇಳದೆ ಕೇಳದೆ ಎದ್ದು ಹೋಗಿತ್ತು. ಉಂಟು ಎಂದು ಸುಳ್ಳು ಹೇಳಲು ಮುಂಡಪ್ಪ ಮನಸ್ಸು ಮಾಡಿದ. ಹೆದರಿಕೆಗೆ ಬಾಯಿಂದ ನಿಜವೇ ಬಿತ್ತು.

“ಈಗ ಇಲ್ಲ ಸಾರ್.”

ಇನ್ನೊಮ್ಮೆ, ಜೋರಾಗಿ ಬಡಿದರು. “ಈಗ?”

“ಇಲ್ಲ ಸಾರ್.”

ಎಕ್ಸಾಮಿನರ್ ಪ್ರಾಪ್ತಿಯ ಕಡೆ ತಿರುಗಿದರು. “ಏನಮ್ಮಾ, ನೋವೇ ಇಲ್ಲ ಅಂತಾರಲ್ಲ. ಏನ್ ಮಾಡ್ತೀಯಾ ಈ ಹಲ್ಲಿಗೆ?”

ಪ್ರಾಪ್ತಿ ಬಾಗಿ, ಕನ್ನಡಿ ಹಿಡಿದು, ಬಹಳ ಹೊತ್ತು ನೋಡಿದಳು. ಮುಂಡಪ್ಪ ಕಣ್ಣಲ್ಲೇ ಅಂಗಲಾಚಿದ.

“ತೆಗೆಯುವುದಿಲ್ಲ ಸರ್,” ಎಂದಳು. “ಬೇರಿಗೆ ಚಿಕಿತ್ಸೆ ಮಾಡಿ ಉಳಿಸಬಹುದು.”

“ಶಭಾಶ್!” ಎಕ್ಸಾಮಿನರ್ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟರು. “ಬೆಳಗ್ಗೆಯಿಂದ ಒಂಬತ್ತು ಮಕ್ಕಳನ್ನ ಕೇಳಿದೆ. ಎಲ್ಲರೂ ಕೀಳ್ತೀನಿ, ಕೀಳ್ತೀನಿ ಅಂದ್ರು. ಡಾಕ್ಟರ್ ಅಂದ್ರೆ ನೀನಮ್ಮಾ!”

ಹೊರಗೆ ತಾಯಿ ಮಗಳು ಪಾಸಾದ ಖುಷಿಗೆ ಅಪ್ಪಿಕೊಂಡು ಅತ್ತರು. ಬಾಗಿಲು ದಾಟಿದ್ದೇ ಮುಂಡಪ್ಪನ ನೋವು ಮೊದಲಿನ ಎರಡು ಪಾಲಾಗಿ ವಾಪಸು ಬಂದು ಕೂತಿತು.

“ಮಗಾ, ಈ ಹಲ್ಲು?”

“ಅದನ್ನು ತೆಗೆಯಲಿಕ್ಕಿಲ್ಲ ಮಾಮ. ಉಳಿಸಬೇಕು ಅಂತ ಸರ್ ಅವರೇ ಬರೆದಿದ್ದಾರೆ. ಇನ್ನು ಇಲ್ಲಿ ಯಾರೂ ತೆಗೆಯುವುದಿಲ್ಲ.”

“ಹಾಗಾದರೆ ಆ ಉಳಿಸುವುದನ್ನೇ ಮಾಡು.”

“ದವಡೆಯದ್ದು ಮಾಡ್ಲಿಕ್ಕೆ ನನಗೆ ಬರುವುದಿಲ್ಲ ಮಾಮ. ಆದರೆ ನಮ್ಮ ಸೀನಿಯರ್ ಸುರಕ್ಷಕ್ಕನಿಗೆ ಹೇಳಿಯಾಗಿದೆ. ಅವರ ಥೀಸಿಸಿಗೆ ಇಂಥದ್ದೇ ಹಲ್ಲು ಅರುವತ್ತು ಬೇಕು, ನಿಮ್ಮದು ಐವತ್ತೊಂಬತ್ತನೆಯದ್ದು. ಎಷ್ಟು ಖುಷಿಪಟ್ಟರು ಗೊತ್ತುಂಟಾ!”

ಸುರಕ್ಷಾ ಆಗಲೇ ಫೈಲು ಹಿಡಿದು ನಗುತ್ತ ಬರುತ್ತಿದ್ದಳು.

“ಇಲ್ಲೊಂದು ಸೈನ್ ಹಾಕಿ ಅಂಕಲ್. ಥೀಸಿಸ್ ಕಮಿಟಿಯ ಒಪ್ಪಿಗೆ ದೀಪಾವಳಿ ಕಳೆದು ಬರ್ತದೆ. ಅಲ್ಲಿಯವರೆಗೆ ಇದನ್ನು ಯಾರೂ ಮುಟ್ಟಬಾರದು. ಬಂದ ಕೂಡಲೇ ಶುರು ಮಾಡುವ.”

ಅದು ಜುಲೈ ತಿಂಗಳು. ಮುಂಡಪ್ಪ ಪೆನ್ನು ಹಿಡಿದು ಸುತ್ತ ನೋಡಿದ.

“ಹಾಕ್ತಾರೆ, ಹಾಕ್ತಾರೆ,” ಎಂದಳು ಪ್ರಫುಲ್ಲಕ್ಕ ಹೆಮ್ಮೆಯಿಂದ. “ನಮ್ಮ ಮುಂಡಪ್ಪಣ್ಣ ಯಾರಿಗೂ ಇಲ್ಲ ಅನ್ನುವವರಲ್ಲ.”

ಮುಂಡಪ್ಪ ಸೈನ್ ಹಾಕಿದ.